ಊರಿಗೊಂದು ಗುಳಿ ತೋಡಿದ ಭಾವ

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿಗೆ ನಮ್ಮ ಭಾವನೇ ಅತಿ ದೊಡ್ಡ ಗಾಲ್ಫ್ ಆಟಗಾರರು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಈ ಮೂರೂ ತಾಲೂಕಿನಲ್ಲಿ ಗಾಲ್ಫ್ ಆಡುವವರು ನನಗೆ ತಿಳಿದಂತೆ ಅವರೊಬ್ಬರೇ! ಅತಿ ಕೆಟ್ಟ ಆಟಗಾರರೂ ಅವರೇ ಎಂದು ಅಕ್ಕ ಹೇಳುತ್ತಾಳೆ. ಅದಕ್ಕೆ ನನ್ನ ಬಳಿ ವಿಡಿಯೋ ಸಾಕ್ಷಿಯಿದೆ.

ಭಾವ ಸರ್ವೆ ಇಲಾಖೆಯಲ್ಲಿದ್ದವರು. ಮೂವತ್ತಾರು ವರ್ಷ ಹೊಸನಗರದ ಸುತ್ತಮುತ್ತ ಸರಪಳಿ ಎಳೆದು ಬೇರೆಯವರ ಜಮೀನು ಅಳೆದರು. ನಿವೃತ್ತಿಯಾದ ತಿಂಗಳಲ್ಲೇ ಸಾಗರದ ಗುಜರಿ ಅಂಗಡಿಯಲ್ಲಿ ಒಂದು ಹರಕಲು ಚೀಲ ಕಂಡರು. ಒಳಗೆ ಏಳು ಗಾಲ್ಫ್ ಕೋಲುಗಳು. ಯಾವುದೋ ಎಸ್ಟೇಟ್ ಬಂಗಲೆಯಿಂದ ಬಂದಿರಬೇಕು. ಹೊತ್ತುಕೊಂಡು ನೇರ ನನ್ನ ಫೋಟೋ ಸ್ಟುಡಿಯೋಗೆ ಬಂದರು.

"ಮಾರಾಯ, ಕ್ಯಾಮೆರಾ ಎತ್ಕ. ಇನ್ನು ನಾವಿಬ್ರೂ ಊರೂರು ತಿರುಗದು."

"ಭಾವ, ಇದರಲ್ಲಿ ಮೂರು ಕೋಲು ಎಡಗೈಯವರದ್ದು."

"ಒಳ್ಳೇದೇ ಆಯ್ತಲ. ಬಲಗಡೆ ಮರ ಅಡ್ಡ ಬಂದ್ರೆ ಎಡಗೈಲಿ ಹೊಡೀತೀನಿ."

ಹೀಗೆ ಶುರುವಾಯಿತು ನಮ್ಮ ಯೂಟ್ಯೂಬ್ ಸರಣಿ, 'ಊರಿಗೊಂದು ಗುಳಿ'. ಹನ್ನೆರಡು ವರ್ಷದ ಹಿಂದೆ. ಆಗ ಭಾವನಿಗೆ ಅರವತ್ತು, ನನಗೆ ಐವತ್ತೆರಡು. ಒಂದು ಸ್ಕೂಟರು, ಒಂದು ಗುದ್ದಲಿ, ಗುಳಿಯಲ್ಲಿ ಹೂಳಲು ಹಾಲಿನ ಪುಡಿಯ ಡಬ್ಬಿ, ಬಾವುಟಕ್ಕೆ ಭಾವನ ಕೆಂಪು ಟವೆಲ್ಲು. ಒಂದು ಊರಿಗೆ ಹೋಗುವುದು, ಒಪ್ಪಿದವರ ಗದ್ದೆಯಲ್ಲೋ ಬಯಲಲ್ಲೋ ಗುಳಿ ತೋಡುವುದು, ಭಾವ ಹೊಡೆಯುವುದು. ಚೆಂಡಿನ ಮೇಲೆ ಕಣ್ಣಿಟ್ಟು ಅದು ಬಿದ್ದ ಜಾಗ ಹೇಳುವುದು ನನ್ನ ಕೆಲಸ. ನಿಯಮ ಒಂದೇ: ಚೆಂಡು ಬಿದ್ದಲ್ಲಿಂದಲೇ ಹೊಡೆಯಬೇಕು. ಮೇಗರವಳ್ಳಿಯಲ್ಲಿ ಅದು ಹಸಿ ಸಗಣಿಯೊಳಗೆ ಬಿತ್ತು. ಭಾವ ನಿಯಮ ಮುರಿಯಲಿಲ್ಲ. ಆ ಕಂತಿನ ಕೊನೆಯ ಮೂರು ನಿಮಿಷ ಪರದೆಯ ಮೇಲೆ ಏನೂ ಕಾಣುವುದಿಲ್ಲ, ನನ್ನ ಬೈಗುಳ ಮಾತ್ರ ಕೇಳುತ್ತದೆ!

ತುಮರಿಗೆ ಮೊದಲ ಸಲ ಹೋದದ್ದು ಹಿನ್ನೀರು ದಾಟಿಸುವ ಲಾಂಚಿನಲ್ಲಿ. ಉದ್ದದ ಚೀಲ ನೋಡಿ ಒಬ್ಬ ಹಿರಿಯರು ವಿಚಾರಿಸಿದರು, "ಯಾವ ಮೇಳ ನಿಮ್ದು?"

"ಬಯಲಾಟದವರಲ್ಲ, ಬಯಲಲ್ಲಿ ಆಡೋರು," ಎಂದರು ಭಾವ.

"ಹಂಗಾರೆ ಯಾವ ಪಾತ್ರ?"

"ನಂದು ಹುಚ್ಚನದು. ಇವ್ನು ನನ್ನ ಹಿಂದೆ ಬರೋನು. ಇವನದ್ದು ಇನ್ನೂ ದೊಡ್ಡ ಪಾತ್ರ."

ಕವಲೇದುರ್ಗದ ಬುಡದಲ್ಲಿ ನಡೆದದ್ದು ಮಾತ್ರ ನಾನು ಸಾಯುವವರೆಗೆ ಮರೆಯುವಂಥದ್ದಲ್ಲ. ಕೊಯ್ಲಾದ ಗದ್ದೆಯಲ್ಲಿ ಕೆಂಪು ಟವೆಲ್ಲು ನೆಟ್ಟು ಭಾವ ಒಂದು ಕಣ್ಣು ಮುಚ್ಚಿ ದೂರ ಅಂದಾಜು ಮಾಡುತ್ತಿದ್ದರು. ಅರ್ಧ ಗಂಟೆಯಲ್ಲಿ ಊರು ಸೇರಿತು. ಎಲ್ಲರ ಕೈಯಲ್ಲೂ ಪಹಣಿ! ಸರ್ವೆಯವರು ಬಂದಿದ್ದಾರೆ, ಜಮೀನು ಹೋಗುತ್ತದೆ ಎಂದು ಸುದ್ದಿಯಾಗಿತ್ತು. ಭಾವ ಆಟ ಬಿಟ್ಟು ಅಂಚಿನ ಮೇಲೆ ಕೂತು ಒಂದೊಂದೇ ಪಹಣಿ ಓದಿ, ಏನೂ ಹೋಗುವುದಿಲ್ಲ ಎಂದು ಸಮಾಧಾನ ಹೇಳಿದರು. ಕೊನೆಗೆ ಉಳಿದವರು ಇಬ್ಬರು, ಅಕ್ಕಪಕ್ಕದ ಗದ್ದೆಯವರು. ಗಡಿಯ ಜಗಳದಲ್ಲಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತಂತೆ. ಭಾವ ಕಣ್ಣು ಮುಚ್ಚಿಕೊಂಡರು. "ಇಲ್ಲೊಂದು ನೇರಳೆ ಮರ ಇತ್ತಲ? ಅದರ ಬುಡದಿಂದ ಮೂಡಲಿಗೆ ಎಂಟು ಹೆಜ್ಜೆ ಹಾಕಿ ಅಗೀರಿ." ಆ ಜಮೀನು ಅಳೆದು ಇಪ್ಪತ್ತೇಳು ವರ್ಷ ಕಳೆದಿತ್ತು. ನಮ್ಮ ಗುದ್ದಲಿಯಲ್ಲೇ ಅಗೆದರು. ಎರಡಡಿ ಕೆಳಗೆ ಗಡಿಯ ಬಾಂದುಕಲ್ಲು ಸಿಕ್ಕಿತು. ಭಾವ ಅದರ ಪಕ್ಕದಲ್ಲೇ ಡಬ್ಬಿ ಹೂತರು. "ಈ ಗುಳಿ ಇಬ್ರಿಗೂ ಅರ್ಧರ್ಧ. ಇದಕ್ಕೆ ಮಾತ್ರ ಜಗಳ ಆಡ್ಬೇಡಿ," ಎಂದರು.

ವಯಸ್ಸಾಗುತ್ತಾ ಹೋದಂತೆ ಸರಣಿ ಹೇಗೆ ಬದಲಾಯಿತೆಂದು ಹೇಳುತ್ತೇನೆ. ಮೊದಲ ವರ್ಷ ದಿನಕ್ಕೆ ಮೂರು ಊರು, ಮೂರು ಗುಳಿ. ಭಾವನ ಮಂಡಿ ಹಿಡಿದುಕೊಂಡ ಮೇಲೆ ದಿನಕ್ಕೆ ಒಂದು. ನನ್ನ ಬೆನ್ನು ಹೋದ ಮೇಲೆ ಸ್ಕೂಟರು ಹೋಗಿ ಬಸ್ಸು ಬಂತು. ಗುಡ್ಡ ಬಿಟ್ಟೆವು, ಬಯಲು ಹಿಡಿದೆವು. ಮೊದಲು ಹನ್ನೆರಡು ನಿಮಿಷದ ಕಂತಿನಲ್ಲಿ ಹತ್ತು ನಿಮಿಷ ಆಟವಿರುತ್ತಿತ್ತು. ಆಮೇಲೆ ಎರಡು ನಿಮಿಷ ಆಟ, ಉಳಿದದ್ದು ಯಾರದ್ದೋ ಜಗಲಿಯಲ್ಲಿ ಚಹಾ ಮತ್ತು ಮಾತು. ಭಾವನ ಮಾತಿಗೇ ಜನ ನೋಡುತ್ತಿದ್ದರು. ನೋಡುವವರಲ್ಲಿ ಅರ್ಧ ನೆಂಟರೇ ಅನ್ನಿ!

ಆಮೇಲೆ ಮಾತಿನ ನಡುವೆ ಖಾಲಿ ಜಾಗ ಬರತೊಡಗಿತು.

ನಾನು ಮೂವತ್ತು ವರ್ಷದಿಂದ ಮದುವೆ ವಿಡಿಯೋ ಮಾಡುವವನು. ಮಾವನವರ ಆಕಳಿಕೆ, ಊಟದ ಪಂಕ್ತಿಯ ಜಗಳ, ಮದುಮಗಳು ಅಳುತ್ತಾ ಮೂಗೊರೆಸಿಕೊಂಡದ್ದು, ಎಲ್ಲ ಕತ್ತರಿಸಿ ಚಂದ ಮಾಡಿ ಕೊಡುವುದೇ ನನ್ನ ಕಸುಬು. ಭಾವ ಒಂದು ಊರಿನ ಹೆಸರು ಮರೆತು ನಾಲ್ಕು ಸೆಕೆಂಡು ನಿಂತರು. ಕತ್ತರಿಸಿದೆ. ಹೇಳಿದ್ದನ್ನೇ ಮತ್ತೆ ಹೇಳಿದರು. ಕತ್ತರಿಸಿದೆ. ಗುಳಿಯ ಎದುರು ನಿಂತು ಯಾವ ದಿಕ್ಕಿಗೆ ಹೊಡೆಯಬೇಕೆಂದು ಕೇಳಿದರು, ಹನ್ನೊಂದು ಸೆಕೆಂಡು. ಅದನ್ನೂ ಕತ್ತರಿಸಿದೆ. ಎರಡನೇ ಸಲ ಮೇಗರವಳ್ಳಿಗೆ ಹೋದಾಗ ಚೆಂಡು ಹುಡುಕಲು ಕಾಡಿನಂಚಿಗೆ ಹೋದವರು ನಲವತ್ತು ನಿಮಿಷ ಬರಲಿಲ್ಲ. ರಸ್ತೆಯಲ್ಲಿ ಸಿಕ್ಕರು. ಕೋಲು ಹಿಡಿದು ಬಸ್ಸಿಗೆ ಕಾಯುತ್ತಿದ್ದರು.

"ಎಲ್ಲಿಗೆ ಭಾವ?"

"ಆಫೀಸಿಗೆ. ಹೊತ್ತಾಯ್ತು."

ತಮಾಷೆ ಮಾಡುತ್ತಿದ್ದಾರೆಂದು ನನಗೆ ನಾನೇ ಹೇಳಿಕೊಂಡೆ. ನಕ್ಕೆ ಕೂಡ. ಅಕ್ಕನಿಗೆ ಹೇಳಿದರೆ ತಿರುಗಾಟ ನಿಲ್ಲಿಸುತ್ತಾಳೆ ಎಂಬ ಹೆದರಿಕೆಯೂ ಇತ್ತು. ಅದು ಭಾವನಿಗಾಗಿ ಇದ್ದ ಹೆದರಿಕೆಯೋ, ನನಗಾಗಿ ಇದ್ದದ್ದೋ, ಇವತ್ತಿಗೂ ಖಚಿತವಾಗಿ ಹೇಳಲಾರೆ.

ತುಮರಿಗೆ ಸೇತುವೆ ಆದ ಮೇಲೆ ಮತ್ತೆ ಅಲ್ಲಿಗೆ ಹೋದೆವು. ಸೇತುವೆಯ ನಡುವೆ ಬಾಡಿಗೆ ಕಾರು ನಿಲ್ಲಿಸಿದಾಗ ಭಾವ ಕೆಳಗೆ ನೀರು ನೋಡುತ್ತಾ, "ಲಾಂಚ್ ಎಷ್ಟೊತ್ತಿಗೆ ಬತ್ತದೆ?" ಎಂದರು. ಅದನ್ನು ಮಾತ್ರ ಕತ್ತರಿಸಲಿಲ್ಲ. ಒಳ್ಳೆಯ ಜೋಕು ಎಂದುಕೊಂಡಿದ್ದೆ. ಸರಣಿಯಲ್ಲೇ ಜನ ಅತಿ ಹೆಚ್ಚು ನಕ್ಕದ್ದು ಆ ಮಾತಿಗೆ.

ಕೊನೆಗೆ ಭಾವ ಸ್ವಂತ ಮನೆಯ ಬಚ್ಚಲಿಗೆ ದಾರಿ ಕೇಳಿದ ದಿನ ಅಕ್ಕ ಅವರನ್ನು ಡಾಕ್ಟರ ಬಳಿ ಕರೆದೊಯ್ದಳು. ನಾನೂ ಜೊತೆಗಿದ್ದೆ.

"ಎಷ್ಟು ಸಮಯದಿಂದ ಹೀಗೆ?" ಎಂದರು ಡಾಕ್ಟರು.

"ಈಗ ಒಂದು ತಿಂಗಳಿಂದ ಅಷ್ಟೇ," ಎಂದು ಅಕ್ಕ ಮೊಬೈಲು ತೆಗೆದು ನಮ್ಮ ವಿಡಿಯೋ ತೋರಿಸಿದಳು. "ನೋಡಿ ಡಾಕ್ಟ್ರೇ, ಹೋದ ವರ್ಷದ್ದು. ಎಷ್ಟು ಚೆನ್ನಾಗಿ ಮಾತಾಡ್ತಿದಾರೆ."

ನಾನು ಗೋಡೆಯ ಕಡೆ ನೋಡಿದೆ. ಆಮೇಲೆ ಹೇಳಿದೆ, "ಎರಡು ವರ್ಷದಿಂದ." ಮೊದಲೇ ಬಂದಿದ್ದರೆ ಇದನ್ನು ಸ್ವಲ್ಪ ನಿಧಾನ ಮಾಡಬಹುದಿತ್ತೇನೋ ಎಂದರು ಡಾಕ್ಟರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮಾರನೇ ದಿನ ಅಕ್ಕ ನನ್ನ ಸ್ಟುಡಿಯೋಗೆ ಬಂದು ಕೂತಳು. ಕತ್ತರಿಸಿದ ತುಂಡುಗಳನ್ನು ನಾನು ಎಸೆದಿರಲಿಲ್ಲ. ಒಂದರ ಹಿಂದೊಂದು ಹಾಕಿದೆ. ಒಂದು ಗಂಟೆ ಆರು ನಿಮಿಷ. ಎಲ್ಲದರಲ್ಲೂ ಭಾವ ಸುಮ್ಮನೆ ನಿಂತಿದ್ದಾರೆ, ಏನನ್ನೋ ಹುಡುಕುತ್ತಿದ್ದಾರೆ. ಅಕ್ಕ ಕಣ್ಣು ತೆಗೆಯದೆ ನೋಡಿದಳು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, "ಇನ್ನೊಂದ್ಸಲ ಕರ್ಕೊಂಡು ಹೋಗು. ಅವ್ರಿಗೆ ಕೋಲು ಹಿಡಿಯೋದು ಮರೆಯೋಕೆ ಮುಂಚೆ. ಆದರೆ ಒಂದು ಚೂರೂ ಕತ್ತರಿಸ್ಬೇಡ. ಹೆಂಗಿದಾರೋ ಹಂಗೇ ಬೇಕು ನಂಗೆ," ಎಂದಳು.

ಈ ಬೇಸಿಗೆಯಲ್ಲಿ ಹೋದೆವು. ಹಿನ್ನೀರು ಇಳಿದು ದಡದಲ್ಲಿ ಎಳೆಹುಲ್ಲು ಬಂದಿತ್ತು. ಅಗೆಯಲು ಇಬ್ಬರಿಗೂ ಆಗಲಿಲ್ಲ. ಡಬ್ಬಿಯನ್ನು ಹುಲ್ಲಿನ ಮೇಲೇ ಅಡ್ಡ ಮಲಗಿಸಿ ಟವೆಲ್ಲು ನೆಟ್ಟೆ. ಭಾವ ಎಡಗೈಯವರ ಕೋಲು ತೆಗೆದುಕೊಂಡರು. ಬಲಗಡೆ ಮರವೇನೂ ಇರಲಿಲ್ಲ. ನಾನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು ಚಾಲೂ ಮಾಡಿದೆ. ಬೀಸಿದರು. ಹನ್ನೆರಡು ವರ್ಷದಲ್ಲಿ ಅಷ್ಟು ಚಂದದ ಸದ್ದು ನಾನು ಕೇಳಿರಲಿಲ್ಲ.

ಕೋಲು ಇಳಿಸಿ ನನ್ನ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. ಹನ್ನೆರಡು ವರ್ಷ ಏಕವಚನದಲ್ಲಿ ಬೈದವರು ಮರ್ಯಾದೆಯಿಂದ ಕೇಳಿದರು, "ತಾವು ಯಾವ ಊರಿನೋರು?"

"ಇಲ್ಲೇ, ಸಾಗರದವನು," ಎಂದೆ.

"ಸ್ವಲ್ಪ ನಿಂತಿರಿ ಹಂಗಾರೆ. ನಮ್ಮನೆಯವಳ ತಮ್ಮ ಬರ್ತಾನೆ. ಚೆಂಡು ಎಲ್ಲಿ ಬಿತ್ತು ಅಂತ ನಂಗೆ ಯಾವತ್ತೂ ಗೊತ್ತಾಗದಿಲ್ಲ, ಅವ್ನು ನೋಡಿಟ್ಟಿರ್ತಾನೆ. ಅವ್ನಿದ್ರೆ ಏನೂ ಕಳೆಯದಿಲ್ಲ."

ಅವತ್ತು ನಾನು ಚೆಂಡು ನೋಡಿರಲಿಲ್ಲ. ಭಾವನನ್ನೇ ನೋಡುತ್ತಿದ್ದೆ.

ಜೇಬಿನಲ್ಲಿ ಇನ್ನೊಂದು ಚೆಂಡಿತ್ತು. ನಡೆದು ಹೋಗಿ ಡಬ್ಬಿಯಿಂದ ಒಂದು ಗೇಣು ದೂರದಲ್ಲಿ ಹುಲ್ಲಿನ ಮೇಲೆ ಇಟ್ಟು, "ಸಿಕ್ತು ಭಾವ, ಇಲ್ಲೇ ಇದೆ," ಎಂದು ಕೂಗಿದೆ.

ಹನ್ನೆರಡು ವರ್ಷದಲ್ಲಿ ನಾವು ನಿಯಮ ಮುರಿದದ್ದು ಅದೊಂದೇ ಸಲ. ಅದೂ ವಿಡಿಯೋದಲ್ಲಿದೆ. ಕತ್ತರಿಸಿಲ್ಲ.