ತಪ್ಪು ಮಗ್ಗುಲಲ್ಲಿ ಮಲಗಿದ ಮೋಟರು

ನಮ್ಮ ಬೀದಿಯವರು ಮೊದಲೆಲ್ಲ ನಮ್ಮಿಬ್ಬರ ಬಗ್ಗೆ ಒಂದು ಮಾತು ಆಡುತ್ತಿದ್ದರಂತೆ: "ಆ ಗಂಡ ಹೆಂಡತಿ ಮನೇಲಿ ಮಾತಾಡೋದನ್ನ ನಾವು ಕೇಳೇ ಇಲ್ಲ ಕಣ್ರೀ. ಅವರದೇನಿದ್ರೂ ದೋಣೀಲಿ!"

ಸುಳ್ಳಲ್ಲ. ನನ್ನಾಕೆ ಕೆರೆಯ ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು. ನಾನು ಈಚೆ ದಡದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಬಸ್ಸು ಹಿಡಿದರೆ ಊರೆಲ್ಲ ಸುತ್ತಿ ಒಂದೂವರೆ ಗಂಟೆ; ದೋಣಿಯಲ್ಲಾದರೆ ಅರ್ಧ ಗಂಟೆ. ಹದಿನಾಲ್ಕು ವರ್ಷ ಬೆಳಗ್ಗೆ ಸಂಜೆ ನಾನೇ ಹುಟ್ಟು ಹಾಕಿದೆ. ಮನೆಯಲ್ಲಿ ಅವಳಿಗೆ ಒಲೆ, ನನಗೆ ಸೂಜಿ. ಪುರುಸೊತ್ತು ಸಿಗುತ್ತಿದ್ದದ್ದು ನೀರಿನ ಮೇಲೆ ಮಾತ್ರ. ಸಂಸಾರದ ಗುಟ್ಟು, ಗೊಣಗಾಟ, ನಗು ಎಲ್ಲಕ್ಕೂ ಆ ಅರ್ಧ ಗಂಟೆಯೇ ಗತಿ.

ಹಾಗಿರುವಾಗ ನನ್ನ ಬಲಭುಜ ಕೈಕೊಟ್ಟಿತು!

"ಇನ್ನು ಹುಟ್ಟು ಮುಟ್ಟಿದ್ರೆ ಕೈ ಎತ್ತಿ ತಲೆ ಬಾಚೋಕೂ ಆಗಲ್ಲ," ಎಂದರು ಡಾಕ್ಟರು. ಬಾಚುವಷ್ಟು ಕೂದಲು ನನ್ನಲ್ಲಿಲ್ಲ ಎಂಬುದನ್ನು ಅವರು ಗಮನಿಸಿದಂತಿರಲಿಲ್ಲ.

"ದೋಣಿ ಮಾರಿಬಿಡೋಣ ರೀ," ಎಂದಳು ನನ್ನಾಕೆ, ಕಿಟಕಿಯಾಚೆ ನೋಡುತ್ತ. ಹಾಗೆ ಅತ್ತ ನೋಡಿಕೊಂಡು ಮಾತಾಡಿದಳೆಂದರೆ ಅವಳಿಗೆ ಅಳು ಬಂದಿದೆ ಎಂದೇ ಅರ್ಥ.

ನನ್ನೊಳಗಿನ ವೀರ ಎದ್ದು ನಿಂತ. "ದೋಣಿಗೆ ಮೋಟರು ಹಾಕಿಸ್ತೀನಿ! ಇಪ್ಪತ್ತೆಂಟು ವರ್ಷ ಯಂತ್ರಗಳ ಹೊಟ್ಟೆಯೊಳಗೆ ಕೈಯಾಡಿಸಿದವನು ಕಣೇ ನಾನು. ನನ್ನೆದುರು ಕೆಮ್ಮುವ ಯಂತ್ರ ಇನ್ನೂ ಹುಟ್ಟಿಲ್ಲ!"

ನಾಲ್ಕು ಮನೆ ಆಚೆ ಲಾಂಚಜ್ಜ ಇದ್ದ. ಜೀವಮಾನವಿಡೀ ಲಾಂಚು ನಡೆಸಿ ನಿವೃತ್ತನಾದವನು. ಅವನ ಬಳಿ ಮಾರಲಿಕ್ಕೊಂದು ಹಳೆಯ ಔಟ್‌ಬೋರ್ಡ್ ಮೋಟರು ಇತ್ತು. ದೋಣಿಯ ಹಿಂಬದಿಗೆ ಬಿಗಿಯುವಂಥದ್ದು, ಫೋರ್ ಸ್ಟ್ರೋಕು.

"ಅದು ನಮ್ಮ ಮದುವೆಗಿಂತ ಹಳೇದಂತೆ ಕಣ್ರೀ," ಎಂದಳು ನನ್ನಾಕೆ.

"ಹಳೇದಾದ್ರೇನು? ನಾನೂ ಹಳಬನೇ."

"ಅದಕ್ಕೇ ಭಯ."

"ಎರಡು ದಿನ ಮನೇಲಿಟ್ಟು ನೋಡಪ್ಪ, ಒಪ್ಪಿದ್ರೆ ತಗೋ," ಎಂದ ಅಜ್ಜ. ಆಮೇಲೆ ಇನ್ನೂ ಏನೇನೋ ಹೇಳತೊಡಗಿದ. ಅದೇ ಹೊತ್ತಿಗೆ ನಾನು ಅವನಿಗೆ ಯಂತ್ರವಿದ್ಯೆಯ ಮೂಲತತ್ತ್ವಗಳನ್ನು ಬೋಧಿಸುತ್ತಿದ್ದೆ. ಇಬ್ಬರಲ್ಲಿ ದೊಡ್ಡ ದನಿ ನನ್ನದು. ಹಾಗಾಗಿ ಅಜ್ಜ ಹೇಳಿದ್ದು ಅಜ್ಜನಲ್ಲೇ ಉಳಿಯಿತು.

ಶನಿವಾರ ಮೋಟರು ತಳ್ಳುಗಾಡಿಯಲ್ಲಿ ನಮ್ಮ ಮನೆಗೆ ದಯಮಾಡಿಸಿತು. ನಿಲ್ಲಿಸಲು ಸ್ಟ್ಯಾಂಡಿಲ್ಲ. ನೆಲಕ್ಕೆ ಹಾಕಿದರೆ ಬಣ್ಣ ಕೆರೆದೀತು. ಮಂಚದ ಮೇಲೆ, ಅಂದೇ ಒಗೆದು ಹಾಸಿದ್ದ ಬಿಳಿ ದುಪ್ಪಟಿಯ ಮೇಲೆ, ಮಗುವಿನಂತೆ ಮಲಗಿಸಿದೆ. ಒಂದು ಮಗ್ಗುಲು ತುಕ್ಕು, ಇನ್ನೊಂದು ಮಗ್ಗುಲು ಫಳಫಳ. ಅಂದವಾದ ಮಗ್ಗುಲು ಮೇಲಿರಲಿ ಎಂದು ತುಕ್ಕಿನ ಮಗ್ಗುಲನ್ನು ಕೆಳಗೆ ಮಾಡಿದೆ. ಸೌಂದರ್ಯಪ್ರಜ್ಞೆ ನಮ್ಮ ವಂಶಕ್ಕೇ ಬಂದ ಕಾಯಿಲೆ!

ಸಂಜೆ ಬಸ್ಸಿನಲ್ಲಿ ನುಜ್ಜುಗುಜ್ಜಾಗಿ ಬಂದ ನನ್ನಾಕೆ ಕೋಣೆಯ ಬಾಗಿಲಲ್ಲೇ ನಿಂತಳು.

"ರೀ, ಮಂಚದ ಮೇಲೆ ಯಾರು?"

"ನಮ್ಮ ಮೋಟರು."

"ಕೆಳಗಡೆ ಇದೇನು ಕಪ್ಪಗೆ?"

"ಎಣ್ಣೆ ಕಣೇ. ಎಣ್ಣೆ ಬಿಡೋ ಯಂತ್ರಾನೇ ಆರೋಗ್ಯವಂತ ಯಂತ್ರ!"

"ನಮ್ಮಲ್ಲಿ ರೋಗಿಗೆ ಹಿಂಗೆ ಸೋರಿದ್ರೆ ಡಾಕ್ಟರನ್ನ ಕೂಗ್ತೀವಿ," ಎಂದವಳು ಚಾಪೆ ಎತ್ತಿಕೊಂಡು ನಡುಮನೆಗೆ ಹೋದಳು. ನಾನೂ ದಿಂಬು ಹಿಡಿದು ಹಿಂದೆಯೇ ಹೋದೆ. ಮೋಟರು ಮಾತ್ರ ಮಂಚದ ಮೇಲೆ ಒಂಟಿ ಮಹಾರಾಜ!

ಭಾನುವಾರ ಪರೀಕ್ಷೆ. ಇಂಥ ಮೋಟರನ್ನು ನೀರಿಲ್ಲದೆ ಓಡಿಸಬಾರದೆಂದು ನನಗೂ ಗೊತ್ತಿತ್ತು. ಹಿತ್ತಲ ಡ್ರಮ್ಮಿಗೆ ಕಂಠಮಟ್ಟ ನೀರು ತುಂಬಿ, ಅಂಚಿಗೆ ಮೋಟರು ಬಿಗಿದು, ಎಡಗೈಯಲ್ಲಿ ಹಗ್ಗ ಎಳೆದೆ. ಅಲುಗಲಿಲ್ಲ. ಹನ್ನೆರಡು ಸಲ ಎಳೆದೆ. ಹದಿಮೂರನೆಯ ಎಳೆತಕ್ಕೆ ಒಂದು ಗುಟುರು, ಆಮೇಲೆ ಹೊಗೆ!

ಎಂಥ ಹೊಗೆ ಅಂತೀರಿ! ನೀಲಿ ಬಣ್ಣದ್ದು, ದಪ್ಪಗೆ, ಕಂಬಳಿಯಂತೆ ಹೊದೆಯಬಹುದಾದಂಥದ್ದು. ಮೊದಲು ಬೇಲಿ ಮಾಯವಾಯಿತು, ಆಮೇಲೆ ಮನೆ, ಆಮೇಲೆ ನನ್ನದೇ ಕೈ. ಎದುರುಮನೆ ಟೀಚರಮ್ಮ ಒಣಹಾಕಿದ್ದ ಸೀರೆಗಳನ್ನು ಬಾಚಿಕೊಂಡು ಕೂಗಿದರು: "ಅಯ್ಯೋ, ನರ್ಸಮ್ಮನ ಮನೆಗೆ ಬೆಂಕಿ ಬಿದ್ದಿದೆ!" ಕೂಗಿದ್ದಷ್ಟೇ ಅಲ್ಲ, ಫೋನೂ ಮಾಡಿದರು. ಹತ್ತೇ ನಿಮಿಷದಲ್ಲಿ ಗಂಟೆ ಬಾರಿಸುತ್ತ ಅಗ್ನಿಶಾಮಕದವರು ಹಿತ್ತಲಿಗೆ ನುಗ್ಗಿದರು.

"ಬೆಂಕಿ ಎಲ್ರೀ?"

"ಬೆಂಕಿ ಇಲ್ಲ ಸಾರ್, ಪರೀಕ್ಷೆ ನಡೀತಿದೆ!"

"ಯಾರಿಗೆ?"

"ಮೋಟರಿಗೆ!"

"ಮೊದ್ಲು ಆಫ್ ಮಾಡ್ರೀ ಅದನ್ನ!"

ಮಾಡಿದೆ. ಅಂದರೆ, ಮಾಡಿದೆನೆಂದುಕೊಂಡೆ. ಹೊಗೆಯಲ್ಲಿ ತಡಕಾಡಿದ ಕೈಗೆ ಸಿಕ್ಕಿದ್ದು ಗೇರಿನ ಲಿವರು. ಡ್ರಮ್ಮಿನೊಳಗಿನ ರೆಕ್ಕೆ ತಿರುಗಿದ್ದೇ ತಡ, ಅಷ್ಟೂ ನೀರು ಆಕಾಶಕ್ಕೆ ನೆಗೆದು, ಬಂದಿದ್ದವರ ನೆತ್ತಿಯ ಮೇಲೆ ಇಳಿಯಿತು. ಜಗತ್ತಿನಲ್ಲಿ ಅಗ್ನಿಶಾಮಕದವರಿಗೇ ನೀರು ಹೊಡೆದ ಮೊದಲ ಗೃಹಸ್ಥ ನಾನೇ ಇರಬೇಕು!

ಕೊನೆಗೆ ನನ್ನಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು ಒಂದು ಕೆಂಪು ಗುಂಡಿ ಒತ್ತಿದಳು. ಗಪ್‌ಚಿಪ್.

ಬಂದವರು ಬೈಗುಳ ಮುಗಿಸಿ, ಬಟ್ಟೆ ಹಿಂಡಿಕೊಂಡು ಹೊರಟರು. ನಾನು ತೀರ್ಪು ಕೊಟ್ಟೆ: "ಇದು ಸತ್ತ ಮೋಟರು. ಬೇಡವೇ ಬೇಡ." ಹೇಳಿದ ಮೇಲೆ ಹೊಳೆಯಿತು, ಮೋಟರು ಬೇಡವೆಂದರೆ ದೋಣಿಯೂ ಇಲ್ಲ. ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತೆವು. ಅವಳು ಮತ್ತೆ ಎತ್ತಲೋ ನೋಡತೊಡಗಿದಳು.

ಅಗ್ನಿಶಾಮಕದ ಗಂಟೆಯ ಸದ್ದು ಕೇಳಿ ಲಾಂಚಜ್ಜ ಕೋಲೂರಿಕೊಂಡು ಬಂದ. ಮೋಟರನ್ನು ಮೂಸಿ ನೋಡಿ ಕೇಳಿದ: "ಯಾವ ಮಗ್ಗುಲಿಗೆ ಮಲಗ್ಸಿದ್ದೆಯಪ್ಪ?"

"ತುಕ್ಕಿನ ಮಗ್ಗುಲು ಕೆಳಗೆ ಮಾಡಿ."

"ಹಿಡಿಕೆ ಇರೋ ಈ ಫಳಫಳ ಮಗ್ಗುಲೇ ಕೆಳಗೆ ಬರಬೇಕು ಅಂತ ಮೂರು ಸಲ ಹೇಳಿದ್ನಲ್ಲೋ! ಇದು ಫೋರ್ ಸ್ಟ್ರೋಕು. ಇದರ ಹೊಟ್ಟೇಲಿ ಪೆಟ್ರೋಲಲ್ಲದೆ ಬೇರೆ ಎಣ್ಣೇನೂ ಇರತ್ತೆ. ತಪ್ಪು ಮಗ್ಗುಲಲ್ಲಿ ಮಲಗಿಸಿದ್ರೆ ಅಷ್ಟೂ ಬಾಯಿಗೆ ಬರತ್ತೆ. ಅದನ್ನೇ ಸುಟ್ಟು ಹೊಗೆ ಬಿಟ್ಟಿದೆ, ಪಾಪ!"

ಅಜ್ಜ ಸ್ಪಾರ್ಕ್ ಪ್ಲಗ್ ಬಿಚ್ಚಿ ಒರೆಸಿದ. ಒಳಗಿನ ಎಣ್ಣೆಯನ್ನು ಹೊರಗೆ ಉಗುಳಿಸಿದ. ಹೊಸ ಎಣ್ಣೆ ತುಂಬಿದ. ನಾನು ಡ್ರಮ್ಮಿಗೆ ನೀರು ತುಂಬಿದೆ. ಆ ಹೊತ್ತಿಗೆ ನನ್ನನ್ನು ನಂಬಬಹುದಾದ ಕೆಲಸ ಅದೊಂದೇ. ಅಜ್ಜ ಎರಡೇ ಸಲ ಎಳೆದ. ಮೋಟರು ಒಂದಿಷ್ಟು ಹೊಗೆಯುಗುಳಿ, ಗಂಟಲು ಸರಿಮಾಡಿಕೊಂಡು, ನನ್ನ ಅಂಗಡಿಯ ಅತ್ಯುತ್ತಮ ಹೊಲಿಗೆ ಯಂತ್ರದಂತೆ ಗುನುಗತೊಡಗಿತು!

"ತಗೋತೀವಿ ಅಜ್ಜ," ಎಂದಳು ನನ್ನಾಕೆ.

"ಇಷ್ಟೆಲ್ಲಾ ಆದ್ಮೇಲೂನಾ?" ಎಂದೆ.

"ನಿಮ್ಮ ಕೈಯಲ್ಲಿ ಎರಡು ದಿನ ಬದುಕಿ ಉಳಿದಿದೆ. ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ಯಾವುದಿದೆ ರೀ?"

ಅಂದು ಸಂಜೆ ನಾನು ದುಪ್ಪಟಿಯ ಕಲೆ ಉಜ್ಜುತ್ತಿದ್ದೆ. ಅಜ್ಜನೂ ಅವಳೂ ಮೋಟರು ಬಿಗಿದು ಬರುತ್ತೇವೆಂದು ದೋಣಿಯತ್ತ ಹೋದರು.

ಸೋಮವಾರ ಬೆಳಗ್ಗೆ ನಾನು ಕ್ಯಾಪ್ಟನ್ನನಂತೆ ಟೊಪ್ಪಿಗೆ ಧರಿಸಿ ಸಿದ್ಧನಾದೆ.

"ಎಲ್ಲಿಗೆ ಹೊರಟಿರಿ?"

"ಮೋಟರು ನಡೆಸೋಕೆ!"

"ಅದನ್ನ ನಾನು ನಡೆಸ್ತೀನಿ. ನೆನ್ನೆ ಸಂಜೆ ಅಜ್ಜ ಕಲಿಸಿಕೊಟ್ಟಾಯ್ತು. ನಿಮ್ಮ ಕೈಗೆ ಮಾತ್ರ ಕೊಡಬೇಡ ಅಂತ ಬೇರೆ ಹೇಳಿದ್ದಾರೆ."

ಮೋಟರು ಬಂತು, ದೋಣಿ ಉಳಿಯಿತು, ಹೋದದ್ದು ನಾನೊಬ್ಬನೇ! ಟೊಪ್ಪಿಗೆ ಕೈಗೆ ತೆಗೆದುಕೊಂಡೆ. ಬಾಗಿಲವರೆಗೂ ಹೋದವಳು ತಿರುಗಿದಳು.

"ನಿಂತ್ಕೊಂಡು ಏನ್ ನೋಡ್ತಿದೀರಿ? ಚಪ್ಪಲಿ ಮೆಟ್ಕೊಳ್ಳಿ. ನಾನೊಬ್ಬಳೇ ಹಿಂದೆ ಕೂತ್ರೆ ದೋಣಿ ಮೂತಿ ಮೇಲೇಳತ್ತಂತೆ. ಮುಂದೆ ಒಂದು ಮೂಟೆ ಮರಳು ಇಟ್ಕೊಳ್ಳಮ್ಮ ಅಂದ್ರು ಅಜ್ಜ. ಮರಳು ಯಾರು ಹೊರ್ತಾರೆ? ನೀವಾದ್ರೆ ನಡ್ಕೊಂಡೇ ಬರ್ತೀರಿ!"

"ಅದು ಸರಿ, ದೋಣಿ ಸಂಜೆವರೆಗೂ ಆ ದಡದಲ್ಲೇ ಇರತ್ತಲ್ಲ. ನಾನು ವಾಪಸ್ ಬರೋದು ಹೇಗೆ?"

"ಬಸ್ಸಿದೆಯಲ್ಲ! ಸಂಜೆ ನನ್ನ ಕರ್ಕೊಂಡು ಬರೋಕೂ ಅದ್ರಲ್ಲೇ ಬನ್ನಿ," ಎಂದಳು. ಈ ಸಲ ನನ್ನ ಮುಖವನ್ನೇ ನೋಡಿ, ನಗುತ್ತ.

ನಾನು ಟೊಪ್ಪಿಗೆಯನ್ನು ಮತ್ತೆ ತಲೆಗಿಟ್ಟುಕೊಂಡು ಅವಳ ಹಿಂದೆ ಹೊಸ್ತಿಲು ದಾಟಿದೆ. ಅಂಬಿಗನೆಂದುಕೊಂಡು ನಾನು ಮನೆಯಿಂದ ಹೊರಟದ್ದು ಅದೇ ಕೊನೆ; ಆಮೇಲೆಲ್ಲ ನಾನು ದೋಣಿ ಮುಂದಿನ ಮರಳಿನ ಮೂಟೆ.