ಹೆಚ್ಚುವರಿ ತಾಯಿ

ಬ್ಯಾಡಗಿಯ ಸ್ಟೇಷನ್ ರಸ್ತೆಯ ನಿವಾಸಿ ಶ್ರೀಮತಿ ನಿರ್ಮಲಾ ಇವರನ್ನು ಅವರ ಸ್ವಂತ ಮಗಳಾದ ಕುಮಾರಿ ಮಧು ಇವಳಿಗೆ ‘ಹೆಚ್ಚುವರಿ ತಾಯಿ’ ಎಂದು ಘೋಷಿಸಿ ಸಕ್ಷಮ ಪ್ರಾಧಿಕಾರವು ಹೊರಡಿಸಿದ ಆದೇಶವು ಎಲ್ಲ ರೀತಿಯಿಂದಲೂ ಕ್ರಮಬದ್ಧವಾಗಿತ್ತು. ಊರಲ್ಲಿ ಕೆಲವರು ಆಡಿಕೊಂಡರು, ಖರೆ. ಆಡಿಕೊಳ್ಳುವವರ ಬಾಯಿ ಮುಚ್ಚಿಸುವ ಸುತ್ತೋಲೆ ಇನ್ನೂ ಬಂದಿಲ್ಲ. ಬರುವ ತನಕ ಆಡಿಕೊಳ್ಳಲಿ.

ಮೊದಲು ಇದು ಬಹಳ ಸಣ್ಣ ಸಂಗತಿ. ಐದನೇ ಇಯತ್ತೆಯ ಮಧುಗೆ ಭಿನ್ನರಾಶಿ ಎಂದರೆ ಸಾಕು, ಹೊಟ್ಟೆನೋವು ಸುರುವಾಗುತ್ತಿತ್ತು. ಶಾಲೆಯ ಚೀಲ ಕಂಡರೆ ಅಳು. ನಿರ್ಮಲಾ ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದಾಕೆ. ಆ ವಿದ್ಯೆ ಮದುವೆಯಾದಂದಿನಿಂದ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿ ಆರಾಮಾಗಿ ಮಲಗಿತ್ತು. ಮಗಳ ಅಳು ನೋಡಲಾರದೆ ಆಕೆ ಅದನ್ನು ಎಬ್ಬಿಸಿದಳು. ಶಾಲೆ ಬಿಡಿಸಿ, ಟ್ಯಾಬಿನಲ್ಲಿ ಪುಕ್ಕಟೆ ಸಿಗುವ ಗಣಿತ, ವಿಜ್ಞಾನದ ಪಾಠ ಹಚ್ಚಿ, ಪಾಠ ಮುಗಿದ ಕೂಡಲೇ ಕೈಗೆ ಕೆಲಸ ಕೊಟ್ಟಳು. ಜೋಳದ ರೊಟ್ಟಿ ಹರಿದರೆ ಭಿನ್ನರಾಶಿ. ಮಾಳಿಗೆ ಮೇಲೆ ಹಸಿ ಮೆಣಸಿನಕಾಯಿ ತೂಗಿ ಹರವಿ, ಒಣಗಿದ ಮೇಲೆ ಮತ್ತೆ ತೂಗಿದರೆ ಶೇಕಡಾವಾರು. ಬೂಟಿನ ಡಬ್ಬಿಗೆ ಸೂಜಿಯಿಂದ ತೂತು ಹಾಕಿ, ಎದುರಿಗೆ ತೆಳು ಹಾಳೆ ಅಂಟಿಸಿದರೆ ಬೆಳಕಿನ ಪಾಠ. ಆ ಹಾಳೆಯ ಮೇಲೆ ಅಜ್ಜಿ ಸೋಮವ್ವ ತಲೆಕೆಳಗಾಗಿ ಕೂತು ಮೆಣಸಿನಕಾಯಿ ಕಾಯುವುದು ಕಂಡು ಮಧು ಬಿದ್ದು ಬಿದ್ದು ನಕ್ಕಳು. ಲೆಕ್ಕ ಮಾಡುತ್ತ ನಗುವ ಮಗಳನ್ನು ನೋಡಿದ ನಿರ್ಮಲಾ, ಮದುವೆಯಾದ ಮೇಲೆ ತನಗೆ ಇಷ್ಟು ಸಂತೋಷ ಎಂದಾದರೂ ಆಗಿತ್ತೇ ಎಂದು ನೆನಪು ಮಾಡಿಕೊಂಡಳು. ಆಗಿರಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಹೇಳುವ ಗರಜು ಬೀಳುತ್ತಿರಲಿಲ್ಲ. ಆದರೆ ಆಕೆಯ ಗಂಡ ರುದ್ರಮುನಿ ಮಾರ್ಕೆಟ್ ಯಾರ್ಡಿನಲ್ಲಿ ದಲಾಲಿ ಅಂಗಡಿ ಇಟ್ಟ ಮನುಷ್ಯ. ಕಾಯಿ ಎಷ್ಟೇ ಕೆಂಪಗಿರಲಿ, ಲಾಟ್ ನಂಬರ್ ಬೀಳದ ಚೀಲವನ್ನು ಖರೀದಿದಾರ ತಿರುಗಿಯೂ ನೋಡುವುದಿಲ್ಲ ಎಂಬುದು ಅವನ ಅನುಭವ. ಮಗಳ ಶಾಣೇತನಕ್ಕೂ ಒಂದು ನಂಬರ್ ಇದ್ದರೆ ಮುಂದೆ ಅಡಚಣೆ ಇಲ್ಲ ಎಂದುಕೊಂಡು, ಹೆಂಡತಿಗೂ ಹೇಳದೆ ಹಾವೇರಿಗೆ ಹೋಗಿ ಗೃಹ ವಿದ್ಯಾಕೇಂದ್ರ ಕೋಶದಲ್ಲಿ ಅರ್ಜಿ ಗುಜರಾಯಿಸಿ ಬಂದ.

ಮನೆಯಲ್ಲೇ ಕಲಿಯುವ ಮಕ್ಕಳ ಹಿತ ಕಾಯಲು ಹುಟ್ಟಿದ ಈ ಕೋಶದಲ್ಲಿ ಸಿಬ್ಬಂದಿ, ಕಪಾಟು, ಫ್ಯಾನು ಎಲ್ಲ ಇದ್ದವು, ಮಕ್ಕಳದೇ ಕೊರತೆ. ವಿಷಯ ನಿರ್ವಾಹಕರಾದ ಗುರುರಾಜ ಅವರು ಅರ್ಜಿಯನ್ನು ಎರಡೂ ಕೈಯಿಂದ ಸ್ವೀಕರಿಸಿ, ಅರ್ಜಿದಾರನಿಗೆ ಚಹಾ ತರಿಸಿದರು. ಕಚೇರಿಯಲ್ಲಿ ಚಹಾ ಕೊಟ್ಟರು ಎಂದು ರುದ್ರಮುನಿ ಯಾರ್ಡಿನಲ್ಲೆಲ್ಲ ಹೇಳಿಕೊಂಡು ತಿರುಗಿದ. ಯಾರೂ ನಂಬಲಿಲ್ಲ.

ಮುಂದೆ ಗುರುರಾಜ ಅವರು ಖುದ್ದಾಗಿ ಬಂದು ಮನೆ ತಪಾಸಣೆ ಮಾಡಿದರು. ಪಡಸಾಲೆ ತರಗತಿಯೆಂದೂ, ಮಲಗುವ ಕೋಣೆ ಸಿಬ್ಬಂದಿ ಕೊಠಡಿಯೆಂದೂ, ಅಡಿಗೆಮನೆ ಪ್ರಯೋಗಾಲಯವೆಂದೂ ದಾಖಲಾದವು. ಪ್ರಯೋಗಾಲಯದಲ್ಲಿ ಅನಧಿಕೃತವಾಗಿ ಒಗ್ಗರಣೆ ಹಾಕುತ್ತಿದ್ದ ಸೋಮವ್ವನಿಗೆ ಮೌಖಿಕ ಎಚ್ಚರಿಕೆ ಕೊಡಲಾಯಿತು. ಆ ಒಗ್ಗರಣೆಯ ಘಾಟಿಗೆ ತಾವು ಕಣ್ಣೀರು ಬರುವಂತೆ ಕೆಮ್ಮಿದ್ದನ್ನು ಗುರುರಾಜ ಅವರು ‘ರಾಸಾಯನಿಕ ಕ್ರಿಯೆ: ತೃಪ್ತಿಕರ’ ಎಂದು ನಮೂದಿಸಿಕೊಂಡರು. ನಿರ್ಮಲಾ ಅಂದಿನಿಂದ ‘ನೋಂದಾಯಿತ ತಾಯಿ, ಗಣಿತ ಮತ್ತು ವಿಜ್ಞಾನ’ ಆದಳು.

ಟ್ಯಾಬಿನಲ್ಲಿ ಕೋಶದ ಆ್ಯಪ್ ಬಂದು ಕೂತಿತು. ಪ್ರತಿ ಪ್ರಯೋಗಕ್ಕೂ ಅದರಲ್ಲಿ ಪೂರ್ವಾನುಮತಿ ಪಡೆಯತಕ್ಕದ್ದು. ಬೀಜ ಮೊಳಕೆಯೊಡೆಯುವ ಪ್ರಯೋಗಕ್ಕೆ ಅನುಮತಿ ಬರುವಷ್ಟರಲ್ಲಿ ಹೆಸರುಕಾಳು ಮೊಳೆತು, ಸೋಮವ್ವ ಅದರ ಪಲ್ಯ ಮಾಡಿ ಬಡಿಸಿಯೂ ಬಿಟ್ಟಿದ್ದಳು. ನಿರ್ಮಲಾ ಮುಂದಿನ ಪ್ರಯೋಗಕ್ಕೆ ಅರ್ಜಿ ಹಾಕಿದಳು. ಮಗಳು ಕಲಿಯುತ್ತಿದ್ದಾಳಲ್ಲ, ಸರ್ವರ್ ಎಷ್ಟು ಬೇಕಾದರೂ ಸುತ್ತಲಿ ಎಂಬುದು ಆಕೆಯ ಲೆಕ್ಕ.

ಆಗ ಈ ಕೆಳಗಿನ ಸುತ್ತೋಲೆ ಬಂತು. ‘ಹತ್ತಕ್ಕಿಂತ ಕಡಿಮೆ ದಾಖಲಾತಿ ಇರುವ ಮನೆಗಳನ್ನು ವಿಲೀನಗೊಳಿಸಿ, ಸದರಿ ಮನೆಗಳ ತಾಯಂದಿರನ್ನು ಒಂದೇ ವೃಂದವೆಂದು ಪರಿಗಣಿಸತಕ್ಕದ್ದು. ಮಗು ಒಂದೇ ಇದ್ದು ತಾಯಿಯೂ ಒಬ್ಬಳೇ ಇದ್ದಲ್ಲಿ, ಅನುಪಾತಕ್ಕೆ ಮೀರಿದ ಸದರಿ ತಾಯಿಯನ್ನು ಹೆಚ್ಚುವರಿ ಎಂದು ಗುರುತಿಸಿ, ಅವಶ್ಯಕತೆ ಇರುವ ಬೇರೆ ಮನೆಗೆ ಕೌನ್ಸೆಲಿಂಗ್ ಮೂಲಕ ವರ್ಗಾಯಿಸತಕ್ಕದ್ದು.’

ನಿರ್ಮಲಾ ಗಂಡನನ್ನು ಕಟ್ಟಿಕೊಂಡು ಹಾವೇರಿಗೆ ಓಡಿದಳು. ಗುರುರಾಜ ಅವರು ಸಮಾಧಾನದಿಂದ ಕೂಡ್ರಿಸಿ, ಮೊದಲಿಗೆ, ಈ ಶೈಕ್ಷಣಿಕ ವರ್ಷದೊಳಗೆ ಮನೆಯಲ್ಲಿ ಇನ್ನೂ ಒಂಬತ್ತು ಮಕ್ಕಳಾಗುವ ಸಂಭವ ಇದೆಯೇ ಎಂದು ವಿಚಾರಿಸಿದರು. ಇದ್ದರೆ ಕಾಲಾವಕಾಶ ಕೊಡಿಸುವುದಾಗಿಯೂ ಹೇಳಿದರು. ರುದ್ರಮುನಿ ಫ್ಯಾನಿನ ಕಡೆ ನೋಡತೊಡಗಿದ.

“ಆಕಿ ನನ್ನ ಹೊಟ್ಟ್ಯಾಗ ಹುಟ್ಟಿದ ಮಗಳ್ರಿ ಸರ,” ಎಂದಳು ನಿರ್ಮಲಾ. “ನನ್ನ ಮಗಳಿಗೆ ನಾ ಹೆಂಗ ಹೆಚ್ಚುವರಿ ಆಗ್ತೇನ್ರಿ?”

“ಅಲ್ಲೇ ತೊಂದರೆ ಇರೂದು ನೋಡ್ರಿ ಅಕ್ಕಾರ,” ಎಂದರು ಗುರುರಾಜ. “ಸ್ವಂತ ಮಗಳಿಗೆ ನೀವ ಪಾಠ ಹೇಳಿ, ನೀವ ಮಾರ್ಕ್ಸ್ ಹಾಕಿದ್ರ ಸ್ವಜನಪಕ್ಷಪಾತ ಆಗ್ತದ. ನಾಳೆ ಆಡಿಟ್‌ನವರು ಕೇಳಿದ್ರ ನಾ ಏನ್ ಹೇಳ್ಲಿ?”

ವಿನಾಯಿತಿ ಇರುವುದು ಗಂಭೀರ ಕಾಯಿಲೆಗೆ, ಮತ್ತು ಪತಿ–ಪತ್ನಿ ಪ್ರಕರಣಗಳಿಗೆ. “ತಾಯಿ–ಮಗಳು ಪ್ರಕರಣ ಅಂತ ಕಾಲಂ ಇಲ್ರಿ. ಇದ್ದಿದ್ರ ನಾನ ತುಂಬಿ ಕೊಡ್ತಿದ್ದೆ.” ಅವರ ದನಿಯಲ್ಲಿ ಖರೇನೇ ಮರುಕ ಇತ್ತು. ಕಾಲಂ ಮಾತ್ರ ಇರಲಿಲ್ಲ.

ಅರ್ಜಿಯನ್ನೇ ಹಿಂದೆ ತೆಗೆದುಕೊಂಡರೆ ಹೇಗೆ ಎಂದು ರುದ್ರಮುನಿ ಸಣ್ಣಗೆ ಕೇಳಿ ನೋಡಿದ. ತೆಗೆದುಕೊಳ್ಳಬಹುದು, ಆ ಕ್ಷಣದಿಂದ ಮಧು ‘ಶಾಲೆಯಿಂದ ಹೊರಗುಳಿದ ಮಗು’ ಆಗುತ್ತಾಳೆ, ಸಿಬ್ಬಂದಿ ಮನೆಗೇ ಬಂದು ಆಕೆಯನ್ನು ಮೊದಲಿನ ಶಾಲೆಗೆ ಮುಟ್ಟಿಸುತ್ತಾರೆ ಎಂದು ಗುರುರಾಜ ಅವರು ತಿಳಿಸಿದರು. ಹೊಟ್ಟೆ ಹಿಡಿದುಕೊಂಡು ಮುದುರಿ ಮಲಗುತ್ತಿದ್ದ ಮಗಳು ನಿರ್ಮಲಾಳ ಕಣ್ಣ ಮುಂದೆ ಬಂದಳು. ಆಕೆ ಎದ್ದು ಕೌನ್ಸೆಲಿಂಗ್ ಸಾಲಿನಲ್ಲಿ ನಿಂತಳು.

ಪರದೆಯ ಮೇಲೆ ಖಾಲಿ ಮನೆಗಳು ಮೂಡಿದವು. ಅಗಡಿ ಊರಿನ ಮನೆಯನ್ನು ಆಕೆಯ ಮುಂದೆ ನಿಂತವರು ಆಗಲೇ ಹಿಡಿದಿದ್ದರು. ನಿರ್ಮಲಾಗೆ ಸಿಕ್ಕಿದ್ದು ರಾಣೇಬೆನ್ನೂರಿನ ಪದ್ಮಜಾ ಎಂಬುವರ ಮನೆ. ಪದ್ಮಜಾ ಸಂಸ್ಕೃತದಲ್ಲಿ ಪಂಡಿತೆ, ಅಂಕಿ ಕಂಡರೆ ತಲೆಸುತ್ತು. ಅವರ ಮಗ ಸುಶ್ರುತನಿಗೆ ಗಣಿತದ ತಾಯಿ ಅವಶ್ಯವಿತ್ತು. ಇತ್ತ ಬ್ಯಾಡಗಿಯ ಮನೆಗೆ ತಾಯಿಯೇ ಇಲ್ಲದಂತಾದ್ದರಿಂದ ಅದು ಖಾಲಿ ಎಂದು ಘೋಷಣೆಯಾಗಿ, ತಮ್ಮ ಮನೆಯಲ್ಲಿ ಹೆಚ್ಚುವರಿಯಾಗಿದ್ದ ಪದ್ಮಜಾ ಅವರನ್ನೇ ಅಲ್ಲಿಗೆ ‘ಅತಿಥಿ ತಾಯಿ’ ಎಂದು ಕಳಿಸಲಾಯಿತು. ಅತಿಥಿ ತಾಯಿಗೆ ವಿಷಯಜ್ಞಾನ ಅಪೇಕ್ಷಣೀಯ, ಕಡ್ಡಾಯವಲ್ಲ. ಇಬ್ಬರೂ ಕೂಡಿ ಪರಸ್ಪರ ವರ್ಗಾವಣೆ ಕೇಳಿದರು. ಮಂಜೂರಾಗಲು ತೊಂದರೆಯೇನೂ ಇರಲಿಲ್ಲ, ಹಾಲಿ ಮಗುವಿನ ಬಳಿ ಮೂರು ವರ್ಷ ಸೇವೆ ಮುಗಿದಿರಬೇಕು ಅಷ್ಟೇ.

ಹೀಗಾಗಿ ದಿನಾ ಬೆಳಿಗ್ಗೆ ಇಬ್ಬರು ತಾಯಂದಿರು ಬುತ್ತಿ ಕಟ್ಟಿಕೊಂಡು ಹೊರಬಿದ್ದು, ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸು ಬದಲಿಸುವಾಗ ಎದುರಾಗುತ್ತಿದ್ದರು. ಸುಶ್ರುತನಿಗೆ ನೆಗಡಿ, ಮೊಸರು ಕೊಡಬ್ಯಾಡ್ರಿ ಎಂದು ಅವರು. ಮಧು ರಾತ್ರಿ ಸರಿಯಾಗಿ ಉಂಡಿಲ್ಲ ಎಂದು ಈಕೆ. ಅಷ್ಟರಲ್ಲಿ ಬಸ್ಸು ಬರುತ್ತಿತ್ತು. ರುದ್ರಮುನಿ ಯಾರ್ಡಿನಲ್ಲಿ, ನಮ್ಮ ಮನೆಯಾಕಿ ಸರ್ಕಾರಿ ಆರ್ಡರ್ ಮ್ಯಾಲೆ ರಾಣೇಬೆನ್ನೂರಾಗ ತಾಯಿ ಅದಾಳ ಎಂದು ಹೇಳುವಾಗ ಮೀಸೆಯ ಮೇಲೆ ಕೈ ಇರುತ್ತಿತ್ತು.

ಒಂದು ಸಂಜೆ ನಿರ್ಮಲಾ ಟ್ಯಾಬಿನಲ್ಲಿ ಮಗಳ ಪಾಠ ತೆರೆಯಲು ಹೋದಳು. ‘ನೀವು ಈ ಮಗುವಿಗೆ ಮ್ಯಾಪ್ ಆಗಿಲ್ಲ. ನಿಮ್ಮ ಮಗು: ಸುಶ್ರುತ’ ಎಂದು ಆ್ಯಪ್ ಹೇಳಿತು. ಅದರ ಕೆಳಗೇ ಇನ್ನೊಂದು ನಿಯಮ: ನೋಂದಾಯಿತ ತಾಯಿಯು ತನ್ನ ವ್ಯಾಪ್ತಿಯ ಹೊರಗಿನ ಮಗುವಿಗೆ ಏನನ್ನಾದರೂ ಹೇಳಿಕೊಟ್ಟಲ್ಲಿ ಅದನ್ನು ಖಾಸಗಿ ಟ್ಯೂಷನ್ ಎಂದು ಭಾವಿಸಿ ಸದರಿ ಮಗುವಿನ ನೋಂದಣಿ ರದ್ದುಪಡಿಸಲಾಗುವುದು.

ಒಂದು ಆದಿತ್ಯವಾರ ಮಧ್ಯಾಹ್ನ ಮಧು ಫ್ರಿಜ್ಜಿನ ನೀರು ಲೋಟಕ್ಕೆ ಹಾಕಿಟ್ಟಳು. ನೋಡುನೋಡುತ್ತ ಲೋಟದ ಹೊರಮೈ ತುಂಬ ಹನಿ. ಲೋಟ ತೂತು ಬಿದ್ದಿರಬೇಕು ಎಂದಳು ಸೋಮವ್ವ. ಮಧು ಎತ್ತಿ ನೋಡಿದಳು, ತೂತು ಇರಲಿಲ್ಲ. ಅವ್ವನ ಕಡೆ ತಿರುಗಿ, ಹೊರಗ ನೀರು ಹೆಂಗ ಬಂತು ಎಂದು ಕೇಳಿದಳು. ನಿರ್ಮಲಾ ಬಾಯಿ ತೆರೆದಳು. ಪೇಪರ್ ಓದುತ್ತಿದ್ದ ರುದ್ರಮುನಿ ತಲೆ ಎತ್ತದೆ, ಟ್ಯೂಷನ್ ಆಗ್ತೈತಿ ನೋಡು ಎಂದ. ಆಕೆ ಬಾಯಿ ಮುಚ್ಚಿಕೊಂಡಳು.

ಸೋಮವಾರ ಮಧು ಪದ್ಮಜಾ ಟೀಚರನ್ನು ಕೇಳಿದಳು. ನಾಳೆ ಹೇಳ್ತೇನಿ ಎಂದರು ಅವರು. ಮಂಗಳವಾರ ಕ್ರಾಸಿನಲ್ಲಿ, ಎರಡು ಬಸ್ಸುಗಳ ನಡುವೆ, ಪದ್ಮಜಾ ಅವರಿಗೆ ನಿರ್ಮಲಾ ಎಲ್ಲ ವಿವರಿಸಿದಳು. ಒಮ್ಮೆಲೇ ಉತ್ತರ ಹೇಳಬಾರದು. ಲೋಟದ ನೀರಿಗೆ ಕುಂಕುಮ ಕಲಸಿ, ಹೊರಗಿನ ಹನಿ ಕೆಂಪಗಾಗುತ್ತದೆಯೋ ಏನೋ ಆಕೆಯೇ ನೋಡಲಿ. ಮಧು ಮಾತು ಕೇಳುವಾಗ ಉಗುರು ಕಚ್ಚುತ್ತಾಳೆ, ಬೈಯಬೇಡಿ ಎಂದೂ ಸೇರಿಸಿದಳು. ಪದ್ಮಜಾ ಅವರು ಶ್ಲೋಕದ ಹಾಗೆ ಎರಡು ಸಲ ಹೇಳಿ ಗಟ್ಟಿ ಮಾಡಿಕೊಂಡು ಬಸ್ಸು ಹತ್ತಿದರು.

ಸಂಜೆ ನಿರ್ಮಲಾ ಮನೆಗೆ ಬಂದು ಸುಶ್ರುತನ ಉತ್ತರಪತ್ರಿಕೆ ತಿದ್ದುತ್ತ ಕೂತಾಗ ಮಧು ಕುಂಕುಮದ ನೀರಿನ ಲೋಟ ಹಿಡಿದು ಓಡಿ ಬಂದಳು. ಕಣ್ಣು ಮಿಂಚುತ್ತಿದ್ದವು.

“ಹನಿ ಕೆಂಪ ಆಗಲೇ ಇಲ್ಲವ್ವ. ಅದು ಗಾಳ್ಯಾಗಿನ ನೀರು. ನಮ್ಮ ಟೀಚರ್‌ಗೆ ಎಲ್ಲಾ ಗೊತ್ತೈತಿ,” ಎಂದಳು. ಆಮೇಲೆ ಸ್ವಲ್ಪ ತಡೆದು, “ನಿನಗ ಗೊತ್ತಿತ್ತೇನು?”

ರುದ್ರಮುನಿ ಹೆಂಡತಿಯ ಕಡೆ ನೋಡಿದ. ಸೋಮವ್ವನೂ ನೋಡಿದಳು.

“ಇಲ್ಲವ್ವ,” ಎಂದಳು ನಿರ್ಮಲಾ.

ಇಬ್ಬರಿಗೂ ನಿರಾಳವಾಯಿತು. ಮಧುಗೆ ಅವ್ವನನ್ನು ನೋಡಿ ಪಾಪ ಎನಿಸಿತು. ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಲೋಟವನ್ನು ನಡುವೆ ಇಟ್ಟು, ಅಂಜಬ್ಯಾಡ, ಇದೇನು ಕಠಿಣ ಇಲ್ಲ ಎಂದು ಧೈರ್ಯ ಹೇಳಿ, ಮೊದಲಿನಿಂದ ನಿಧಾನವಾಗಿ ಕಲಿಸತೊಡಗಿದಳು. ಮಕ್ಕಳು ತಾಯಿಗೆ ಕಲಿಸಬಾರದೆಂದು ನಿಯಮದಲ್ಲಿ ಎಲ್ಲಿಯೂ ಇರಲಿಲ್ಲವಾದ್ದರಿಂದ ಯಾರೂ ತಡೆಯಲಿಲ್ಲ. ನಿರ್ಮಲಾ ಪೆನ್ನು ಕೆಳಗಿಟ್ಟು ಕೇಳಿದಳು, ನಡುವೆ ಒಂದು ತಪ್ಪು ಉತ್ತರವನ್ನೂ ಕೊಟ್ಟಳು. ಮಗಳು ಬೈಯದೆ ತಿದ್ದಿದಳು.