ಲೇಡೀಸ್ ಪಕ್ಕ ಲೇಡೀಸ್

ಇಷ್ಟೆಲ್ಲ ರಂಪಕ್ಕೆ ಕಾರಣ ಹದಿನಾಲ್ಕನೇ ನಂಬರಿನ ಒಂದು ಸೀಟು. ಸೀಟು ಇದ್ದದ್ದು ಇಂಗ್ಲೆಂಡಿನ ಬಸ್ಸಿನಲ್ಲಿ. ಅದರ ಮೇಲೆ ಕೈಯಾಡಿಸಿದ ಸಿದ್ದಲಿಂಗ ಇದ್ದದ್ದು ಹೆಬ್ಬಾಳದ ಫ್ಲೈಓವರ್ ಪಕ್ಕದ ಕಟ್ಟಡದ ಮೂರನೇ ಮಹಡಿಯಲ್ಲಿ.

ಇಂಗ್ಲೆಂಡಿನ ಜನಕ್ಕೆ ಬಿಸಿಲೆಂದರೆ ಪ್ರಾಣ. ಬೇಸಿಗೆ ಬಂತೆಂದರೆ ಅಲ್ಲಿನ ನಿವೃತ್ತ ಮಂದಿ ವಿಮಾನದ ಗೊಡವೆಯೇ ಬೇಡವೆಂದು ಬಸ್ಸು ಹತ್ತುತ್ತಾರೆ. ಹಡಗಿನಲ್ಲಿ ಕಡಲು ದಾಟಿ, ಫ್ರಾನ್ಸ್ ದೇಶವನ್ನು ಉದ್ದಕ್ಕೂ ಹಾದು, ಒಂದೂವರೆ ದಿನ ಕೂತು ಸ್ಪೇನಿನ ಸಮುದ್ರದ ದಂಡೆ ಸೇರುತ್ತಾರೆ. ನಮಗೆ ಪುಕ್ಕಟೆ ಕೊಟ್ಟರೂ ಬೇಡವಾದ ಬಿಸಿಲಿಗೆ ಅವರು ದುಡ್ಡು ಕೊಟ್ಟು ಸೊಂಟ ನೋಯಿಸಿಕೊಳ್ಳುತ್ತಾರೆ. ಅದು ಅವರ ಹಣೆಬರಹ. ಆ ಬಸ್ಸಿನ ಐವತ್ತು ಸೀಟುಗಳಲ್ಲಿ ಯಾರು ಎಲ್ಲಿ ಕೂರಬೇಕೆಂದು ಬಸ್ ಕಂಪನಿಯ ಬೆಂಗಳೂರು ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ತೀರ್ಮಾನಿಸುವುದು ಸಿದ್ದಲಿಂಗನ ಹಣೆಬರಹ.

ಈ ಕೆಲಸಕ್ಕೆ ಸೇರಿ ಅವನಿಗೆ ಮೂರು ವರ್ಷ. ಅದಕ್ಕೆ ಮೊದಲು ಯಶವಂತಪುರದಲ್ಲಿ ಒಂದು ಬಸ್ ಬುಕಿಂಗ್ ಅಂಗಡಿಯಲ್ಲಿ ಹತ್ತು ವರ್ಷ ಟಿಕೆಟ್ ಹರಿದಿದ್ದ. ಅಲ್ಲಿ ಕಲಿತ ಒಂದೇ ಒಂದು ಶಾಸ್ತ್ರ ಅವನ ರಕ್ತದಲ್ಲಿ ಸೇರಿಹೋಗಿತ್ತು. ಒಂಟಿ ಹೆಣ್ಣುಮಗಳ ಪಕ್ಕದಲ್ಲಿ ಗುರುತಿಲ್ಲದ ಗಂಡಸನ್ನು ಕೂರಿಸಬಾರದು. ಕೂರಿಸಿದರೆ ಹೆಣ್ಣಿನ ಕಡೆಯವರು ಅಂಗಡಿಗೇ ಬಂದು ಕೊರಳಪಟ್ಟಿ ಹಿಡಿಯುತ್ತಾರೆ. ತನ್ನ ಕೈಕೆಳಗೆ ಕೆಲಸ ಕಲಿತ ಸುರೇಶನಿಗೂ ಅವನು ಮೊದಲ ದಿನವೇ ಹೇಳಿಕೊಟ್ಟಿದ್ದು ಅದನ್ನೇ: ಲೇಡೀಸ್ ಪಕ್ಕ ಲೇಡೀಸ್.

ಮಂಗಳವಾರ ಸಂಜೆ ಪರದೆಯ ಮೇಲೆ ಕಂಡದ್ದಿಷ್ಟು. ಹದಿಮೂರರಲ್ಲಿ, ಕಿಟಕಿ ಪಕ್ಕ, ಮಿಸ್ ಮಾವಿಸ್ ಕ್ಲೆಗ್, ಎಪ್ಪತ್ತೊಂದು ವರ್ಷ. ಹದಿನಾಲ್ಕರಲ್ಲಿ ಮಿಸ್ಟರ್ ಹೆರಾಲ್ಡ್ ಹಿಗ್ಗಿನ್‌ಬಾಟಮ್, ಎಪ್ಪತ್ನಾಲ್ಕು. ಬೇರೆ ಬೇರೆ ಬುಕಿಂಗು, ಬೇರೆ ಬೇರೆ ಮನೆತನ. ಹಳೇ ಗಿರಾಕಿಗಳಿಗೆ ಹೋದ ವರ್ಷದ ಸೀಟನ್ನೇ ಕಂಪ್ಯೂಟರು ತಾನಾಗಿ ಕೊಡುತ್ತದೆಂಬುದು ಅವನಿಗೆ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಹೊಳೆದದ್ದು ಬರೀ ಮರ್ಯಾದೆ. ಹಿಗ್ಗಿನ್‌ಬಾಟಮ್ಮರನ್ನು ಎತ್ತಿ ಕೊನೆಯ ಸಾಲಿನ ನಲವತ್ತೊಂಬತ್ತಕ್ಕೆ ಹಾಕಿದ. ಅಲ್ಲಿದ್ದ ಆಲಿವ್ ಎಂಬ ನಿವೃತ್ತ ನರ್ಸಮ್ಮನನ್ನು ಹದಿನಾಲ್ಕಕ್ಕೆ ತಂದ. ಪುಣ್ಯದ ಕೆಲಸ ಮಾಡಿದೆ ಅಂದುಕೊಂಡು ಕಾಫಿ ಕುಡಿಯಲು ಹೋದ.

ಇನ್ನು ಶುಕ್ರವಾರದ ವಿಷಯ. ಆ ದಿನ ಸಿದ್ದಲಿಂಗನಿಗೆ ಮಧ್ಯಾಹ್ನ ಎರಡರಿಂದ ರಜೆ. ಸಂಜೆ ಐದೂವರೆಗೆ ಯಶವಂತಪುರದಿಂದ ಮುರುಡೇಶ್ವರದ ಬಸ್ಸು. ಮದುವೆಯಾದ ಹೊಸತರಲ್ಲಿ ಹೆಂಡತಿ ರಾಣಿಗೆ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ದಿನಕ್ಕೆ ಇನ್ನೂರು ಜನರನ್ನು ಸಮುದ್ರಕ್ಕೆ ಕಳಿಸುವ ಮನುಷ್ಯ ಸ್ವಂತ ಹೆಂಡತಿಯನ್ನು ಹೆಬ್ಬಾಳದ ಕೆರೆ ದಾಟಿಸಿರಲಿಲ್ಲ. ನಾಲ್ಕು ಸಲ ಟಿಕೆಟ್ ಮಾಡಿಸಿ ನಾಲ್ಕು ಸಲವೂ ಆಫೀಸಿನ ಕಾಟಕ್ಕೆ ಕ್ಯಾನ್ಸಲ್ ಮಾಡಿದ್ದ. ಬೆಳಿಗ್ಗೆ ಡಬ್ಬಿ ಕೈಗಿಡುತ್ತ ರಾಣಿ ಜೋರು ಮಾಡದೆ, ಉಪ್ಪಿಟ್ಟಿಗೆ ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲೇ ಹೇಳಿದಳು: "ಈ ಸಲ ನೀವು ಬರ್ಲಿಲ್ಲ ಅಂದ್ರೆ ನಾನು ಹೊರಟುಬಿಡ್ತೀನಿ. ನನಗೆ ಕಿಟಕಿ ಒಂದಿದ್ರೆ ಸಾಕು."

ಕಿಟಕಿ ಮಾತ್ರ ಅಲ್ಲ, ಕಿಟಕಿಯ ಪಕ್ಕದಲ್ಲಿ ನಾನೂ ಇರುತ್ತೇನೆ, ದಾರಿಯುದ್ದಕ್ಕೂ ಯಾವ ಊರು ಯಾವುದೆಂದು ಹೇಳುತ್ತ ಹೋಗುತ್ತೇನೆ ಎಂದು ಸಿದ್ದಲಿಂಗ ಆಣೆ ಮಾಡಿದ. ಸಂಜಯನಗರದ ಆ ಮನೆಯ ಕೆಳಗಡೆ ಸೊಪ್ಪು ಬಿಡಿಸುತ್ತ ಕೂತಿದ್ದ ಓನರಮ್ಮ ಮುನಿಗಂಗಮ್ಮ ತಲೆಯೆತ್ತಿ, ಅವನ ಷೂನಿಂದ ಹಿಡಿದು ಕ್ರಾಪಿನವರೆಗೆ ಒಂದು ಸಲ ನೋಡಿದರು. ಬಾಡಿಗೆದಾರರ ಸಂಸಾರದಲ್ಲಿ ಮೂಗು ತೂರಿಸುವುದು ಅವರ ಪ್ರಕಾರ ಬಾಡಿಗೆಯಲ್ಲೇ ಸೇರಿದ ಸೌಲಭ್ಯ. ಈ ಸಲದ ಟಿಕೆಟನ್ನೂ ಅವರೇ ಹೇಳಿ ಮಾಡಿಸಿದ್ದರು. ಈಗ ಯಶವಂತಪುರದ ಅಂಗಡಿ ನೋಡಿಕೊಳ್ಳುವ ಸುರೇಶ ಅವರ ತಮ್ಮನ ಮಗ.

ಒಂಬತ್ತೂಕಾಲಿಗೆ ಆಫೀಸಿನ ಫೋನು ಹೊಡೆದುಕೊಂಡಿತು. ಅಲ್ಲಿ ಇನ್ನೂ ಬೆಳಗಿನ ಜಾವ. ಲೀಡ್ಸ್ ಎಂಬ ಊರಿನಿಂದ ಬಸ್ಸು ಹೊರಡುವ ಹೊತ್ತು. ಫೋನೆತ್ತಿದ್ದು ಪಕ್ಕದ ಮೇಜಿನ ನೂರೀನ್. ಡ್ರೈವರ್ ಬ್ಯಾರಿ ಹೇಳಿದ್ದನ್ನು ಕೇಳಿಸಿಕೊಂಡು, ಫೋನಿಗೆ ಕೈ ಅಡ್ಡ ಇಟ್ಟು, ಸಿದ್ದಲಿಂಗನ ಕಡೆ ತಿರುಗಿದಳು.

"ಸಿದ್ದಣ್ಣ, ಹಿಗ್ಗಿನ್‌ಬಾಟಮ್ ಅಂತ ಒಬ್ರು ಮೆಟ್ಟಿಲ ಮೇಲೆ ನಿಂತುಬಿಟ್ಟಿದಾರಂತೆ. ಹದಿನೆಂಟು ವರ್ಷದಿಂದ ನಾನೂ ಮಿಸ್ ಕ್ಲೆಗ್ಗೂ ಅಕ್ಕಪಕ್ಕ ಕೂತು ಸ್ಪೇನಿಗೆ ಹೋಗ್ತಿದೀವಿ, ನಮ್ಮನ್ನ ಬೇರೆ ಮಾಡಿದ ಪಾಪಿ ಯಾರು ಅಂತ ಕೇಳ್ತಿದಾರೆ."

ಪಾಪಿಯ ಬೆವರು ಕಿವಿಯ ಹಿಂದಿನಿಂದ ಇಳಿಯತೊಡಗಿತು. ಹದಿನೆಂಟು ವರ್ಷ. ಮದುವೆಯಾಗದೆ, ಮನೆಗಳೂ ಬೇರೆಯಾಗಿ, ವರ್ಷಕ್ಕೊಮ್ಮೆ ಒಂದು ಬಸ್ಸಿನಲ್ಲಿ ಅಕ್ಕಪಕ್ಕ ಕೂರುವ ಎರಡು ಮುದಿ ಜೀವಗಳನ್ನು ತಾನು ಒಂದು ಬೆರಳಿನಲ್ಲಿ ಅಗಲಿಸಿಬಿಟ್ಟೆನಲ್ಲ ಎಂದು ಅವನಿಗೆ ನಿಜವಾಗಿಯೂ ಸಂಕಟವಾಯಿತು. ಸುದ್ದಿ ಕ್ಷಣದಲ್ಲಿ ಆಫೀಸೆಲ್ಲ ಹಬ್ಬಿತು. ಬೇರೆ ಕೆಲಸವಿದ್ದವರೂ ಇಲ್ಲದವರೂ ಅವನ ಕುರ್ಚಿಯ ಸುತ್ತ ನೆರೆದು, ಪ್ರೇಮದ ಬಗ್ಗೆ, ವೃದ್ಧಾಪ್ಯದ ಬಗ್ಗೆ, ಸಿದ್ದಲಿಂಗನ ಕಲ್ಲುಹೃದಯದ ಬಗ್ಗೆ ತಲೆಗೊಂದು ಮಾತಾಡಿದರು. ಅಕೌಂಟ್ಸಿನ ಸಂಗಪ್ಪನಂತೂ ಕಣ್ಣೊರೆಸಿಕೊಂಡ.

ಮ್ಯಾನೇಜರ್ ಮುಜಫ್ಫರ್ ಸಾಹೇಬರು ಕಣ್ಣೊರೆಸಿಕೊಳ್ಳುವ ಪೈಕಿಯಲ್ಲ. ಸದ್ಯಕ್ಕೆ ಹಿಗ್ಗಿನ್‌ಬಾಟಮ್ ಗೊಣಗುತ್ತಲೇ ಕೊನೆಯ ಸೀಟಿನಲ್ಲಿ ಕೂತಿದ್ದಾರೆ, ಬಸ್ಸು ಹೊರಟಿದೆ. ಆದರೆ ಹಡಗು ಹತ್ತುವ ಡೋವರ್ ಮುಟ್ಟುವುದರೊಳಗೆ ಹಳೇ ಸೀಟು ಸಿಗದಿದ್ದರೆ ಇಳಿದು ಮನೆಗೆ ಹೋಗುತ್ತಾರಂತೆ, ಕಂಪನಿಯ ಮೇಲೆ ಪೇಪರಿಗೆ ಬರೆಯುತ್ತಾರಂತೆ. ಡೋವರ್ ಬರುವುದು ನಮ್ಮ ಗಂಟೆಯಲ್ಲಿ ನಾಲ್ಕಕ್ಕೆ. ಇಷ್ಟನ್ನು ಹೇಳಿ ಸಾಹೇಬರು ಕೊನೆಗೆ ಒಂದು ಮಾತು ಸೇರಿಸಿದರು.

"ಅವರಿಬ್ರೂ ಪಕ್ಕದಲ್ಲಿ ಕೂರೋ ತನಕ ನೀವೂ ಇಲ್ಲೇ ಕೂತಿರ್ತೀರಿ, ಸಿದ್ದಲಿಂಗ. ರಜೆಗಿಜೆ ಆಮೇಲೆ."

ಅಲ್ಲಿಂದ ಶುರುವಾಯಿತು ನೋಡಿ ಪರದಾಟ. ಹಿಗ್ಗಿನ್‌ಬಾಟಮ್ ಮುಂದಕ್ಕೆ ಬರಬೇಕಾದರೆ ಯಾರಾದರೊಬ್ಬರು ಕೊನೆಯ ಸಾಲಿಗೆ ಹೋಗಬೇಕು. ಕೊನೆಯ ಸಾಲು ಅಂದರೆ ಇಂಗ್ಲೆಂಡಾದರೇನು ಇಲ್ಲಿಯಾದರೇನು, ಬೆನ್ನುಮೂಳೆಗೆ ಸಿಗುವ ಮರ್ಯಾದೆ ಒಂದೇ. ನರ್ಸಮ್ಮನನ್ನು ಮತ್ತೆ ಹಿಂದಕ್ಕೆ ಅಟ್ಟಲು ಅವನಿಗೆ ಮನಸ್ಸಾಗಲಿಲ್ಲ. ಬೇರೆಯವರನ್ನು ಒಬ್ಬೊಬ್ಬರಾಗಿ ಕೇಳಲು ಬ್ಯಾರಿಯ ಜೊತೆಗಿದ್ದ ಸಹಾಯಕನಿಗೆ ಹೇಳಿದ. ಒಬ್ಬರಿಗೆ ಮಂಡಿ ನೋವು. ಇನ್ನೊಬ್ಬರಿಗೆ ಹಿಂದೆ ಕೂತರೆ ವಾಂತಿ. ಮತ್ತೊಬ್ಬರಿಗೆ ಎಡಗಿವಿ ಕೇಳದು, ಅವರ ಹೆಂಡತಿ ಬಲಗಡೆಯೇ ಕೂರಬೇಕು. ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಮೈಕಿನಲ್ಲಿ ಕೂಗಿ ನೋಡಲು ಸಿದ್ದಲಿಂಗ ಸಲಹೆ ಕೊಟ್ಟ. ಬ್ಯಾರಿ ಕೂಗಿದ. ಐವತ್ತು ಜನವೂ ಕೂತಲ್ಲೇ ಸೀಟಿನ ಬೆನ್ನನ್ನು ಹಿಂದೆ ಮುಂದೆ ಸರಿಮಾಡಿಕೊಂಡು ಥ್ಯಾಂಕ್ಯೂ ಅಂದರಂತೆ.

"ಮಿಸ್ ಕ್ಲೆಗ್ ಏನಂತಾರೆ ಅಂತ ಒಂದ್ಸಲ ಕೇಳೋಣ್ವಾ ಸಿದ್ದಣ್ಣ?" ಎಂದಳು ನೂರೀನ್.

ಪಾಪ ಆ ಹೆಂಗಸು ನೋವಿನಲ್ಲಿ ಮಾತೇ ಆಡುತ್ತಿರಲಿಕ್ಕಿಲ್ಲ, ಗಾಯಕ್ಕೆ ಕಡ್ಡಿ ಹಾಕುವುದು ಬೇಡ ಎಂದು ಅವನು ಕೈಬೀಸಿದ.

ಎರಡು ಗಂಟೆ ಹೊಡೆಯಿತು. ರಾಣಿ ಫೋನ್ ಮಾಡಿ ಬ್ಯಾಗು ಕಟ್ಟಿದ್ದಾಯಿತು ಅಂದಳು. ಮೂರಕ್ಕೆ ಮುನಿಗಂಗಮ್ಮನೇ ಮಾಡಿ, ಹೊರಟೆಯಾ ಇಲ್ಲವಾ ಎಂದು ವಿಚಾರಿಸಿದರು. ಮೂರೂವರೆಗೆ ರಾಣಿ ಮತ್ತೆ ಮಾಡಿ, ತಾನು ನೇರ ಬಸ್ಸಿನ ಹತ್ತಿರ ಹೋಗುತ್ತೇನೆ ಎಂದಳು, ಬನ್ನಿ ಅನ್ನಲಿಲ್ಲ. ಈ ಸಲ ತಪ್ಪಿದರೆ ಇನ್ನೊಂದು ಸಲ ಇಲ್ಲವೆಂದು ಸಿದ್ದಲಿಂಗನಿಗೆ ಗೊತ್ತಿತ್ತು. ಎದ್ದ, ಕೂತ, ನೀರು ಕುಡಿದ, ಕಿಟಕಿಗೆ ಹೋಗಿ ಫ್ಲೈಓವರಿನ ಮೇಲೆ ನಿಂತೇ ಇದ್ದ ಗಾಡಿಗಳ ಸಾಲು ನೋಡಿ ವಾಪಸ್ ಬಂದ. ಕೊನೆಗೆ ಕಣ್ಣು ಮುಚ್ಚಿಕೊಂಡು, ನರ್ಸಮ್ಮನನ್ನೇ ಕೇಳಲು ಹೇಳಿದ. ಯಾರಿಗಾದರೂ ಒಳ್ಳೆಯದಾಗುವುದಾದರೆ ಹೋಗುತ್ತೇನೆ ಎಂದು ಆ ಪುಣ್ಯಾತ್ಮಗಿತ್ತಿ ಚೀಲ ಎತ್ತಿಕೊಂಡು ಹಿಂದಕ್ಕೆ ನಡೆದರಂತೆ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಬ್ಯಾರಿ ಕಳಿಸಿದ ಫೋಟೋ ಬಂತು. ಹದಿನಾಲ್ಕರಲ್ಲಿ ಹಿಗ್ಗಿನ್‌ಬಾಟಮ್ ಮದುಮಗನ ಹಾಗೆ ಬೀಗುತ್ತ ಕೂತಿದ್ದರು. ಮಿಸ್ ಕ್ಲೆಗ್ ಮುಖ ಕಿಟಕಿಯ ಕಡೆಗಿತ್ತು. ನಾಚಿಕೆ ಎಂದ ಸಂಗಪ್ಪ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಿದ್ದಲಿಂಗ ಚಪ್ಪಾಳೆ ಮುಗಿಯುವ ಮೊದಲೇ ಮೆಟ್ಟಿಲಿಳಿಯುತ್ತಿದ್ದ.

ಆಟೋ ಮೇಖ್ರಿ ಸರ್ಕಲ್ ಹತ್ತಿರ ಅಂಗುಲಂಗುಲ ತೆವಳುತ್ತಿದ್ದಾಗ ನೂರೀನಳ ಫೋನು.

"ಸಿದ್ದಣ್ಣ, ಮಿಸ್ ಕ್ಲೆಗ್ ಡೋವರಲ್ಲಿ ಬಸ್ಸಿಂದ ಇಳಿದು ಸೂಟ್‌ಕೇಸ್ ಮೇಲೆ ಕೂತುಬಿಟ್ಟಿದಾರೆ. ಹತ್ತಲ್ಲ ಅಂತಿದಾರೆ."

"ಯಾಕಮ್ಮಾ? ಪಕ್ಕದಲ್ಲೇ ಕೂರಿಸಿದ್ವಲ್ಲ?"

"ಅದಕ್ಕೇ ಇಳಿದಿದ್ದು. ಹದಿನೆಂಟು ವರ್ಷದಿಂದ ಅವರು ಬುಕ್ ಮಾಡಿದ ಮಾರನೇ ದಿನ ಆ ಮನುಷ್ಯ ಪಕ್ಕದ ಸೀಟು ಬುಕ್ ಮಾಡ್ತಾರಂತೆ. ಸ್ಪೇನ್ ಬರೋ ತನಕ ಯಾವ ರಸ್ತೆ ಎಲ್ಲಿ ತಿರುಗುತ್ತೆ ಅಂತ ಬಾಯಿ ಮುಚ್ಚದೆ ಹೇಳ್ತಾರಂತೆ. ಇವತ್ತು ಬೆಳಿಗ್ಗೆ ಮಿಸ್ ಕ್ಲೆಗ್ ನರ್ಸಮ್ಮನ ಜೊತೆ ನಕ್ಕಿದ್ದೇ ನಕ್ಕಿದ್ದಂತೆ. ಇನ್ನೊಂದು ವಿಷ್ಯ ಸಿದ್ದಣ್ಣ. ಫೆಬ್ರವರಿಯಲ್ಲೇ ಬುಕಿಂಗ್ ಕೆಳಗಡೆ ಬರೆದಿದಾರೆ, ಈ ವರ್ಷ ದಯವಿಟ್ಟು ನನ್ನನ್ನ ಅವರಿಂದ ದೂರ ಕೂರಿಸಿ ಅಂತ. ನಾವ್ಯಾರೂ ಓದಿಲ್ಲ."

ಅಂದರೆ ಮಂಗಳವಾರ ತಾನು ಗೊತ್ತಿಲ್ಲದೆ ಮಾಡಿದ್ದೇ ಸರಿ, ಶುಕ್ರವಾರ ಇಡೀ ದಿನ ಬೆವರು ಸುರಿಸಿ ಮಾಡಿದ್ದೇ ತಪ್ಪು. ಸಿದ್ದಲಿಂಗ ಆಟೋದ ಸೀಟಿಗೆ ತಲೆ ಆನಿಸಿದ. ಅಷ್ಟರಲ್ಲಿ ಮುಜಫ್ಫರ್ ಸಾಹೇಬರು ಫೋನು ಕಿತ್ತುಕೊಂಡು, ಸೋಮವಾರ ಎರಡು ಲಿಖಿತ ವಿವರಣೆ ಬೇಕೆಂದರು. ಕೇಳದೆ ಬೇರೆ ಮಾಡಿದ್ದಕ್ಕೆ ಒಂದು, ಕೇಳದೆ ಒಟ್ಟು ಮಾಡಿದ್ದಕ್ಕೆ ಒಂದು. ಒಟ್ಟು ಮಾಡಲು ಹೇಳಿದವರು ತಾವೇ ಎಂಬುದು ಅವರಿಗೆ ಮರೆತುಹೋಗಿತ್ತು. ಈಗಲೇ ವಾಪಸ್ ಬಂದು ಸರಿಮಾಡಿ ಎಂದೂ ಅಂದರು. ಜೀವಮಾನದಲ್ಲಿ ಮೊದಲ ಸಲ ಸಿದ್ದಲಿಂಗ, "ಬಸ್ ಹತ್ತಿಬಿಟ್ಟಿದೀನಿ ಸರ್," ಎಂದು ಸುಳ್ಳು ಹೇಳಿ ಫೋನಿಟ್ಟ. ಹೇಳಿದ ಮೇಲೆ ಒಳಗೊಳಗೇ ಹೆಮ್ಮೆಯಾಯಿತು.

ಐದೂವರೆಗೆ ಎರಡು ನಿಮಿಷವಿರುವಾಗ ಆಟೋದಿಂದ ಹಾರಿ, ಕೈಗಾಡಿಯವರನ್ನೂ ಹೂವಿನವರನ್ನೂ ದಾಟಿ ಓಡಿ, ಉಸಿರು ಬಿಡುತ್ತ ಬಸ್ಸು ಹತ್ತಿದ. ರಾಣಿ ಏಳನೇ ಸೀಟಿನಲ್ಲಿ ಕಿಟಕಿಗೆ ಅಂಟಿಕೊಂಡು ಕೂತಿದ್ದಳು. ಹೊಸ ಸೀರೆ, ಮುಡಿಯಲ್ಲಿ ಮಲ್ಲಿಗೆ. ಎಂಟನೇ ಸೀಟಿನಲ್ಲಿ, ಅವನ ಎಂಟನೇ ಸೀಟಿನಲ್ಲಿ, ಕಡಲೆಕಾಯಿ ಪೊಟ್ಟಣ ಬಿಚ್ಚಿಕೊಂಡು ಮುನಿಗಂಗಮ್ಮ.

"ಓ, ಬಂದ್ಯಾ? ನೀನು ಬರಾಕಿಲ್ಲ ಅಂತ್ಲೇ ನಾನು ಹೊಂಟಿದ್ದು ಕಣಪ್ಪ," ಎಂದರು ಅವರು. "ನಿಂಗೂ ಒಂದು ಸೀಟು ಮಡಗ್ಸಿದೀನಿ, ಇಂದುಗಡೆ ಐತೆ ನೋಡು."

ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತಿದ್ದ ಸುರೇಶನ ಕಡೆ ಸಿದ್ದಲಿಂಗ ತಿರುಗಿದ. ಸುರೇಶ ಗುರುವನ್ನು ಕಂಡ ಶಿಷ್ಯನ ಹಾಗೆ ಅರಳಿದ.

"ಅತ್ತೆ ಒಂಟಿ ಹೆಂಗಸು ಅಲ್ವಾ ಅಣ್ಣ, ಗಂಡಸ್ರ ಪಕ್ಕ ಹೆಂಗೆ ಹಾಕ್ಲಿ? ನೀವೇ ಹೇಳ್ಕೊಟ್ಟಿದ್ದು. ಲೇಡೀಸ್ ಪಕ್ಕ ಲೇಡೀಸ್."

ಸಿದ್ದಲಿಂಗ ಹೆಂಡತಿಯ ಕಡೆ ಬಗ್ಗಿ, ಓನರಮ್ಮನನ್ನು ಹಿಂದಕ್ಕೆ ಕಳಿಸಿ ತಾನು ಬರುತ್ತೇನೆ, ಐದು ನಿಮಿಷದ ಕೆಲಸ ಎಂದು ಪಿಸುಗುಟ್ಟಿದ. ಬೆಳಗಿನಿಂದ ಅದೇ ಕೆಲಸ ಮಾಡಿದವನಲ್ಲವೇ. ರಾಣಿ ಒಂದು ಕ್ಷಣ ಅವನನ್ನು ನೋಡಿದಳು. ಕೋಪವೇನೂ ಇರಲಿಲ್ಲ.

"ನೀವು ಬಂದ್ರಲ್ಲ, ಅಷ್ಟು ಸಾಕ್ರೀ. ಅಲ್ಲೇ ಕೂತ್ಕೊಳ್ಳಿ," ಎಂದಳು. "ಹನ್ನೊಂದು ವರ್ಷದಿಂದ ದಿನಾ ರಾತ್ರಿ ಊಟಕ್ಕೆ ಕೂತಾಗ ಯಾವ ಬಸ್ಸು, ಯಾವ ಸೀಟು, ಯಾವ ರಸ್ತೆ ಅಂತ ಕೇಳಿದೀನಿ. ಸಮುದ್ರ ಬರೋ ತನಕ ಸ್ವಲ್ಪ ಸುಮ್ನೆ ಕಿಟಕಿ ನೋಡ್ಕೊಂಡು ಹೋಗ್ತೀನಿ."

ಮುನಿಗಂಗಮ್ಮ ಅವಳ ಕೈಗೆ ಕಡಲೆಕಾಯಿ ಹಾಕಿದರು. ಇಬ್ಬರೂ ಏನೋ ಹೇಳಿಕೊಂಡು ನಕ್ಕರು.

ಸಿದ್ದಲಿಂಗ ಕೊನೆಯ ಸಾಲಿಗೆ ನಡೆದ. ಐದು ಜನರ ಸಾಲಿನಲ್ಲಿ ನಟ್ಟನಡುವಿನ ಸೀಟು, ಆನಿಸಲು ಕಿಟಕಿಯಿಲ್ಲ, ಹಿಡಿಯಲು ಮುಂದೆ ಏನೂ ಇಲ್ಲ. ಗೊರಗುಂಟೆಪಾಳ್ಯ ದಾಟುವಷ್ಟರಲ್ಲಿ ಎರಡು ಸಲ ಸೂರಿಗೆ ತಲೆ ತಾಗಿತು. ಪಕ್ಕದ ಹಿರಿಯರು ತಮ್ಮ ಮಂಡಿಯ ಆಪರೇಷನ್ನಿನ ಕತೆಯನ್ನು ಮೊದಲಿನಿಂದ ಶುರುಮಾಡಿದರು. ಬಸ್ಸು ನೆಲಮಂಗಲದ ಕಡೆ ಹೊರಳಿದಾಗ ಫೋನು ಮಿಣುಕಿತು. ನೂರೀನ್ ಕಳಿಸಿದ ಫೋಟೋ. ಮಿಸ್ ಕ್ಲೆಗ್ಗೂ ನರ್ಸಮ್ಮನೂ ಅಕ್ಕಪಕ್ಕ ಕೂತು ಬಾಯಗಲಿಸಿ ನಗುತ್ತಿದ್ದಾರೆ. ತುಂಬಾ ದೂರದಲ್ಲಿ, ಕೊನೆಯ ಸಾಲಿನಲ್ಲಿ, ಕೈ ಎರಡೂ ಮಡಿಲಲ್ಲಿಟ್ಟುಕೊಂಡು ಹಿಗ್ಗಿನ್‌ಬಾಟಮ್. ಕೆಳಗೆ ನೂರೀನ್ ಬರೆದಿದ್ದಳು: ಎರಡೇ ನಿಮಿಷ ಹಿಡೀತು ಸಿದ್ದಣ್ಣ, ಮಿಸ್ ಕ್ಲೆಗ್ ಅವರನ್ನೇ ಕೇಳಿದೆ.

ಸಿದ್ದಲಿಂಗ ಆ ಮುದುಕನ ಮುಖವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ. ಮುಂದೆ ಏಳನೇ ಸೀಟಿನ ಮಲ್ಲಿಗೆ ಕಂಡೂ ಕಾಣದಂತೆ ಅಲುಗುತ್ತಿತ್ತು. ಆಮೇಲೆ ಕುಲುಕುವ ಬಸ್ಸಿನಲ್ಲೇ ಉತ್ತರ ಬರೆದ.

"ಆ ಯಜಮಾನ್ರಿಗೆ ಕಿಟಕಿನಾದ್ರೂ ಸಿಕ್ತಾ, ಕೇಳು."